ಚೀಟಿ ಇಲ್ಲ, ಮಾತ್ರೆ ಮುಗಿದಿದೆ

ಮಳೆಗಾಲ ಶುರುವಾಯಿತು ಅಂದರೆ ನಮ್ಮ ಮೆಡಿಕಲ್‌ಗೆ ಬರುವವರ ಕೈಯಲ್ಲಿ ಡಾಕ್ಟರ್ ಚೀಟಿ ಕಮ್ಮಿ, ಖಾಲಿ ಸ್ಟ್ರಿಪ್ ಜಾಸ್ತಿ. ನಾನು ಕೊಡಗಿನ ನಾಪೋಕ್ಲು ಕಡೆಯವಳು. ಫಾರ್ಮಸಿಸ್ಟ್ ಆಗಿ ಹನ್ನೊಂದು ವರ್ಷ ಆಯಿತು. ಕಾವೇರಿ ಉಕ್ಕಿ ಭಾಗಮಂಡಲದ ರಸ್ತೆ ಮುಳುಗಿ, ಮರ ಬಿದ್ದು ಕರೆಂಟ್ ಹೋಗಿ, ಫೋನೂ ಸತ್ತರೆ ಆ ಕಡೆಯವರಿಗೆ ಮಡಿಕೇರಿಯೂ ಒಂದೇ, ಮೈಸೂರೂ ಒಂದೇ. "ಚೀಟಿ ಇಲ್ಲ ಅಕ್ಕ, ಮಾತ್ರೆ ಮುಗಿದಿದೆ" ಅಂತ ಬಂದು ನಿಲ್ಲುತ್ತಾರೆ. ಅವರಿಗೆ ಏನು ಮಾಡಬೇಕು ಅಂತ ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ಸಂಜೆ ಆರೂವರೆ ಇರಬೇಕು. ತೋಟದ ಕೆಲಸಗಾರರ ಲೈನ್ ಮನೆಯಿಂದ ಒಬ್ಬರು ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ಬಂದರು. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಒಂದೇ ಒಂದು ಮಾತ್ರೆಯ ಖಾಲಿ ಗೂಡು. ಸ್ಟ್ರಿಪ್ಪನ್ನು ಹೆಸರಿನ ಮಧ್ಯಕ್ಕೇ ಕತ್ತರಿಸಿದ್ದರು. ಕೊನೆಯ ಮೂರು ಅಕ್ಷರ, ಪಕ್ಕದಲ್ಲಿ 300, ಅಷ್ಟೇ ಕಾಣುತ್ತಿತ್ತು. ಮಗನಿಗೆ ಫಿಟ್ಸ್, ಮಾತ್ರೆ ಮುಗಿದಿದೆ ಅಂದರು. ನಾನು "ಚೀಟಿ ಇಲ್ಲದೆ ಕೊಡೋಕಾಗಲ್ಲ ಅಣ್ಣ, ನಾಳೆ ತನ್ನಿ" ಅಂದೆ. ಅವರು ಒಂದು ಮಾತೂ ಆಡಲಿಲ್ಲ. ಆ ಚೂರನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದುಕೊಂಡು ಮಳೆಗೆ ಇಳಿದರು.

ಅದೇ ರಾತ್ರಿ ಹುಡುಗನಿಗೆ ಬಚ್ಚಲ ಒಲೆಯ ಹತ್ತಿರ ಫಿಟ್ಸ್ ಬಂತು. ಮುಂಗೈ ಸುಟ್ಟಿತು. ತೋಟದ ಜೀಪಲ್ಲಿ ಆಸ್ಪತ್ರೆಗೆ ಒಯ್ದರಂತೆ. ಆಗಲೇ ಮೂರು ದಿನದಿಂದ ಮಾತ್ರೆ ಇರಲಿಲ್ಲ ಅಂತ ನನಗೆ ಮರುದಿನ ಗೊತ್ತಾಯಿತು. ನಾನು ಕೇಳಿಯೇ ಇರಲಿಲ್ಲ. ಎಷ್ಟು ದಿನ ಆಯಿತು, ಯಾವ ಡಾಕ್ಟರ್, ಹಳೇ ಚೀಟಿ ಮನೆಯಲ್ಲಿ ಇದೆಯಾ, ಇಷ್ಟು ಕೇಳಲು ಎರಡು ನಿಮಿಷ ಸಾಕಿತ್ತು. ಸುತ್ತಲಿನ ಡಾಕ್ಟರ್‌ಗಳ ಫೋನ್ ನಂಬರ್ ನನ್ನ ತಲೆ ಮೇಲಿನ ಗೋಡೆಯಲ್ಲೇ ಅಂಟಿಸಿತ್ತು.

ಕಾನೂನಿನ ಪ್ರಕಾರ ನಾನು ಮಾಡಿದ್ದು ಸರಿ. 1945ರ ಡ್ರಗ್ಸ್ ರೂಲ್ಸ್ ಪ್ರಕಾರ ಶೆಡ್ಯೂಲ್ ಎಚ್ ಅನ್ನುವ ಪಟ್ಟಿಯಲ್ಲಿರುವ ಔಷಧಿಗೆ ಚೀಟಿ ಬೇಕೇ ಬೇಕು. ಒಂದು ಸಲ ಔಷಧಿ ಕೊಟ್ಟ ಚೀಟಿಗೆ ಮತ್ತೆ ಕೊಡಬೇಕಾದರೂ ಹಾಗೆ ಕೊಡಬಹುದು ಅಂತ ಡಾಕ್ಟರ್ ಅದರಲ್ಲೇ ಬರೆದಿರಬೇಕು. ತುರ್ತಿಗೆ ಫಾರ್ಮಸಿಸ್ಟ್ ತಾನೇ ನಾಲ್ಕು ದಿನದ ಮಾತ್ರೆ ಕೊಡಬಹುದು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ಇದೆ. ಅಲ್ಲಿ ಫಾರ್ಮಸಿಸ್ಟ್ ರೋಗಿಯನ್ನು ಮಾತಾಡಿಸಿ, ಈ ಔಷಧಿ ಮೊದಲೇ ಬರೆದುಕೊಟ್ಟದ್ದು, ಈಗಲೇ ಬೇಕಾದದ್ದು ಅಂತ ಖಾತ್ರಿ ಮಾಡಿಕೊಂಡು, ಹೆಚ್ಚಿನ ಔಷಧಿಗಳನ್ನು 30 ದಿನದವರೆಗೂ ಕೊಡಬಹುದು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಆದರೆ 5 ದಿನಕ್ಕೆ ಮಾತ್ರ. ಎಲ್ಲವನ್ನೂ ಬರೆದಿಡಬೇಕು. ನಮ್ಮಂಥ ಗುಡ್ಡದ ಊರಿಗೆ ಇಂಥದ್ದೊಂದು ನಿಯಮ ಬೇಕೇ ಬೇಕು ಅಂತ ನಾನು ಮನಸಾರೆ ನಂಬುತ್ತೇನೆ.

ಅದು ಬರುವವರೆಗೆ ಇರುವ ದಾರಿ ಫೋನು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಿಂದ ನಮಗೆ ತುಂಬಾ ಅನುಕೂಲ ಆಯಿತು. ಡಾಕ್ಟರ್ ಫೋನಲ್ಲಿ ರೋಗಿಯನ್ನು ವಿಚಾರಿಸಿ, ಚೀಟಿ ಬರೆದು ಸಹಿ ಹಾಕಿ, ಅದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಬಹುದು. ಅದೇ ಕಾಯಿಲೆಗೆ ಆರು ತಿಂಗಳೊಳಗೆ ಅವರೇ ನೇರವಾಗಿ ನೋಡಿದ್ದರೆ ಫಾಲೋಅಪ್ ಲೆಕ್ಕದಲ್ಲಿ ಕೆಲಸ ಇನ್ನೂ ಸುಲಭ. ಅವರು ಸಿಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿ.ಎಚ್.ಸಿ.) ಇದೆ, ಸರ್ಕಾರದ ಇ-ಸಂಜೀವನಿಯಲ್ಲಿ ದುಡ್ಡಿಲ್ಲದೆ ಡಾಕ್ಟರ್ ಜೊತೆ ಮಾತಾಡಬಹುದು. ಎಷ್ಟೋ ಸಲ ನನ್ನ ಫೋನಿನಿಂದಲೇ ಮಾತಾಡಿಸಿದ್ದೇನೆ. ಸ್ಪೀಕರ್ ಹಾಕಿ, ಕೌಂಟರ್ ಮೇಲೆ ಫೋನ್ ಇಟ್ಟು, ಪಕ್ಕದಲ್ಲಿ ಖಾಲಿ ಸ್ಟ್ರಿಪ್ ಇಟ್ಟುಕೊಂಡು.

ಯಾವ ಮಾತ್ರೆ ಎಷ್ಟು ದಿನ ತಡೆಯುತ್ತದೆ ಅನ್ನುವುದು ನಮಗೆ ಬಾಯಿಪಾಠ ಇರಬೇಕು. ಥೈರಾಯ್ಡ್ ಮಾತ್ರೆ ಎರಡು ಮೂರು ದಿನ ತಪ್ಪಿದರೆ ಸಾಮಾನ್ಯವಾಗಿ ತೊಂದರೆ ಆಗಲ್ಲ, ಅದು ಮೈಯಿಂದ ಇಳಿಯುವುದು ನಿಧಾನ. ಫಿಟ್ಸ್ ಮಾತ್ರೆ ಹಾಗಲ್ಲ. ತಿಂಗಳುಗಟ್ಟಲೆ ನುಂಗಿದ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಮನುಷ್ಯ ಕುಸಿದು ಬೀಳಬಹುದು. ಮೆಟೊಪ್ರೊಲಾಲ್ ಥರದ ಹಾರ್ಟ್, ಬಿ.ಪಿ. ಮಾತ್ರೆ ಫಕ್ಕನೆ ನಿಂತರೆ ಎದೆನೋವು ತಿರುಗಿ ಬರುವ ಭಯ. ಹಾರ್ಟ್‌ಗೆ ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಮುಗಿದಿದ್ದರೆ ನಾನು ಮೊದಲು ಡಾಕ್ಟರ್‌ಗೆ ಫೋನ್ ಹಚ್ಚುತ್ತೇನೆ, ಉಳಿದ ಗಿರಾಕಿಗಳು ಕಾಯಲಿ. ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್, ನೋವಿಗೆ ಕೊಡುವ ಟ್ರಮಡಾಲ್ ಇನ್ನೂ ಬಿಗಿಯಾದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅವನ್ನು ಡಾಕ್ಟರ್ ಚೀಟಿ ಇಲ್ಲದೆ ಮುಟ್ಟುವುದೇ ಇಲ್ಲ. ರಿಜಿಸ್ಟರ್‌ನಲ್ಲಿ ಬರೆಯಬೇಕು, ಅದನ್ನು ಮೂರು ವರ್ಷ ಇಡಬೇಕು. ಆದರೆ ಅಲ್ಪ್ರಜೋಲಮ್ಮನ್ನು ವರ್ಷಗಟ್ಟಲೆ ನುಂಗಿದವರಿಗೂ ಏಕಾಏಕಿ ನಿಲ್ಲಿಸಿದರೆ ಅಪಾಯ ಇದೆ. ಅವರನ್ನು ಸುಮ್ನೆ ವಾಪಸ್ ಕಳಿಸದೆ, ಇವತ್ತೇ ಡಾಕ್ಟರನ್ನು ನೋಡಲೇಬೇಕು ಅಂತ ಜೊತೆಯಲ್ಲಿ ಬಂದವರಿಗೂ ಬಿಡಿಸಿ ಹೇಳುತ್ತೇನೆ.

2018ರ ಆಗಸ್ಟ್ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಗುಡ್ಡ ಕುಸಿದು, ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದವರಿಗೆ ಚೀಟಿ ಎಲ್ಲಿಂದ ಬರಬೇಕು? "ಬೆಳಿಗ್ಗೆ ಒಂದು ಬಿಳಿ ಗುಂಡು ಮಾತ್ರೆ, ರಾತ್ರಿ ಅರ್ಧ" ಅನ್ನುತ್ತಿದ್ದರು. ಆ ವಾರ ಒಬ್ಬ ತಾಯಿ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಒಂದು ಖಾಲಿ ಇನ್ಸುಲಿನ್ ಬಾಟಲಿ ತಂದರು. ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಶುಗರ್. ಯಾವ ಫೋನೂ ತಾಗಲಿಲ್ಲ, ರಸ್ತೆ ಇರಲಿಲ್ಲ. ಇನ್ಸುಲಿನ್ ಪೂರ್ತಿ ನಿಂತರೆ ಆ ಮಗುವಿಗೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ಬರುತ್ತದೆ. ಬಾಟಲಿಯ ಲೇಬಲ್ ಹಾಗೇ ಇತ್ತು. ಹೆಸರು ನೋಡಿದೆ, 40 ಯೂನಿಟ್‌ನದ್ದು ಅಂತ ನೋಡಿದೆ, ಸಿರಿಂಜ್ ಯಾವುದು ಅಂತ ಕೇಳಿದೆ, ಕೆಂಪು ಮುಚ್ಚಳದ್ದು ಅಂದರು, ಅದು 40 ಯೂನಿಟ್‌ಗೆ ಹೊಂದುವ ಸಿರಿಂಜೇ. ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಅಂತ ಎರಡು ಸಲ ಹೇಳಿಸಿದೆ. ಕರೆಂಟ್ ಇಲ್ಲದೆ ಐಸ್ ಡಬ್ಬಿಯಲ್ಲಿ ಇಟ್ಟಿದ್ದರಲ್ಲಿ ಒಂದು ಬಾಟಲಿ ತೆಗೆದು ಕೊಟ್ಟೆ. ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಅಂತ ಗೊತ್ತಿದ್ದೇ ಕೊಟ್ಟೆ. ದಿನ, ಹೊತ್ತು, ಬ್ಯಾಚ್ ನಂಬರ್, ಯಾಕೆ ಕೊಟ್ಟೆ, ಎಲ್ಲ ಬರೆದು ಸಹಿ ಹಾಕಿದೆ. ಮೂರನೇ ದಿನ ಫೋನ್ ಬಂದ ಕೂಡಲೇ ಡಾಕ್ಟರ್‌ಗೆ ತಿಳಿಸಿದೆ. ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಹಾಗಂತ ಕೇಳಿದವರಿಗೆಲ್ಲ ಕೊಡುವವಳು ನಾನಲ್ಲ. ಒಮ್ಮೆ ಒಬ್ಬ ಅಜ್ಜಿಯ ಮೊಮ್ಮಗ ಗಂಟು ನೋವಿನ ಮಾತ್ರೆ ಅಂತ ಮೆಥೊಟ್ರೆಕ್ಸೇಟ್ ಸ್ಟ್ರಿಪ್ ತೋರಿಸಿ ತಿಂಗಳಿಗೆ ಮೂವತ್ತು ಬೇಕು ಅಂದ. ಅದು ಗಂಟುನೋವಿಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ರಕ್ತದ ಕಣಗಳೇ ಇಳಿದು ಜೀವ ಹೋಗಬಹುದು. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆಗೂ ಇದಕ್ಕೂ ಮನೆಯಲ್ಲಿ ಅದಲುಬದಲಾಗಿತ್ತು. ಡಾಕ್ಟರ್‌ಗೆ ಫೋನ್ ಮಾಡದೆ ಮೂವತ್ತು ಎಣಿಸಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ನಮ್ಮ ಅಂಗಡಿಯಲ್ಲಿ ಈಗ ಸ್ಟ್ರಿಪ್ ಕತ್ತರಿಸಿದರೆ ಹೆಸರು, ಎಕ್ಸ್‌ಪೈರಿ ಇರುವ ತುದಿ ಗಿರಾಕಿಗೇ ಹೋಗಬೇಕು. ಎರಡೂ ತುಂಡಿನಲ್ಲಿ ಹೆಸರು ಉಳಿಯದಿದ್ದರೆ ಕವರ್ ಮೇಲೆ ಪೆನ್ನಿನಲ್ಲಿ ಬರೆಯಬೇಕು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಹೇಳಿಕೊಟ್ಟದ್ದು ಇದನ್ನೇ. ಇನ್ನೊಂದು, ದಿನಾ ಮಾತ್ರೆ ನುಂಗುವವರು ಚೀಟಿಯ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಹೋದಾಗ ಡಾಕ್ಟರ್ ಹತ್ತಿರ ಎರಡು ತಿಂಗಳಿಗೆ ಆಗುವಷ್ಟು ಬರೆಸಿಕೊಳ್ಳಿ. ಕೇಳಿದರೆ ಹೆಚ್ಚಿನವರು ಬರೆಯುತ್ತಾರೆ.

ಫಿಟ್ಸ್, ಇನ್ಸುಲಿನ್, ಹಾರ್ಟ್, ಪ್ರೆಡ್ನಿಸೊಲೋನ್, ಈ ನಾಲ್ಕು ಬಗೆಯವರ ಹೆಸರು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಮೇ ಕೊನೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಎಷ್ಟು ಉಳಿದಿದೆ ಅಂತ ಕೇಳುತ್ತೇನೆ. ಬಚ್ಚಲ ಒಲೆಯ ಹತ್ತಿರ ಬಿದ್ದ ಹುಡುಗನ ಹೆಸರು ಮೊದಲನೇ ಸಾಲಿನಲ್ಲಿದೆ. ಈಗ ಫೋನ್ ಎತ್ತುವುದು ಅವನೇ, ಹೊಸ ಚೀಟಿಯ ಫೋಟೋ ಮೊನ್ನೆಯೇ ಕಳಿಸಿದ. ಇನ್ನು ನಾಲ್ಕು ಮನೆಗೆ ಫೋನ್ ತಾಗಿಲ್ಲ. ನಾಳೆ ಆ ಕಡೆ ಹೋಗುವ ಜೀಪಿನವರ ಹತ್ತಿರ ಹೇಳಿ ಕಳಿಸಬೇಕು.