ಮಾತು ಕೊಟ್ಟಾಗಿದೆ, ಮತ್ತೆ ಬೇಡುವುದು ಯಾಕೆ?

ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಏಳೆಂಟು ಜನ ಸತ್ಯವೇದ ಓದಲು ಕೂರುತ್ತೇವೆ. ಅಲ್ಲಿಗೆ ಹೊಸದಾಗಿ ಬಂದವರು, ಒಮ್ಮೊಮ್ಮೆ ಆಫೀಸಿನ ಗೆಳೆಯರೂ, ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ದೇವರು ಮಾತು ಕೊಟ್ಟಿದ್ದಾನೆ ಅಂತೀರಿ. ಕೊಟ್ಟ ಮಾತಿಗೆ ತಪ್ಪಲ್ಲ ಅಂತಾನೂ ಅಂತೀರಿ. ಮತ್ತೆ ದಿನಾ ಮೊಣಕಾಲೂರಿ ಅದನ್ನೇ ಬೇಡುವುದು ಯಾಕೆ? ನಂಬಿಕೆ ಇಲ್ವಾ?"

ಮೊದಮೊದಲು "ಅದು ವಿನಯ" ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಇಸ್ರಾಯೇಲಿನ ಅರಸ ದಾವೀದನ ಕಥೆ ಹೇಳುತ್ತೇನೆ.

ಸತ್ಯವೇದದ ಎರಡನೆಯ ಸಮುವೇಲ ಪುಸ್ತಕ, 7ನೇ ಅಧ್ಯಾಯ. ಯುದ್ಧಗಳು ನಿಂತಿವೆ, ದಾವೀದ ಯೆರೂಸಲೇಮಿನಲ್ಲಿ ಆರಾಮಾಗಿದ್ದಾನೆ. ಆದರೆ ಒಂದು ಕಸಿವಿಸಿ. ನಾನು ದೇವದಾರು ಮರದ ಮನೆಯಲ್ಲಿದ್ದೇನೆ, ದೇವರ ಮಂಜೂಷ (ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆ) ಇನ್ನೂ ಗುಡಾರದಲ್ಲಿದೆ ಅಂತ. ಆಲಯ ಕಟ್ಟುವ ಆಸೆ. ಪ್ರವಾದಿ ನಾತಾನನೂ ಹೂಂ ಅಂದ. ಅದೇ ರಾತ್ರಿ ನಾತಾನನಿಗೆ ಬಂದ ಮಾತೇ ಬೇರೆ: ನೀನು ನನಗೆ ಮನೆ ಕಟ್ಟುವುದಿರಲಿ, ನಾನೇ ನಿನಗೊಂದು ಮನೆ ಕಟ್ಟುತ್ತೇನೆ, ನಿನ್ನ ಸಿಂಹಾಸನ ಎಂದೆಂದಿಗೂ ಇರುತ್ತದೆ. ಹೀಬ್ರೂ ಭಾಷೆಯ 'ಬಯಿತ್' ವಾಸದ ಮನೆಗೂ ಸೈ, ದೇವಾಲಯಕ್ಕೂ ಸೈ, ವಂಶಕ್ಕೂ ಸೈ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? 'ದೊಡ್ಡ ಮನೆಯವರು' ಅಂದಾಗ ನಾವು ಕಟ್ಟಡದ ಚದರ ಲೆಕ್ಕ ಹಾಕುವುದಿಲ್ಲವಲ್ಲ.

ಆಮೇಲೆ ದಾವೀದ ಒಳಗೆ ಹೋಗಿ ದೇವರ ಮುಂದೆ ಕುಳಿತ. "ನಾನೆಷ್ಟರವನು, ನನ್ನ ಮನೆ ಎಷ್ಟರದು, ನೀನು ನನ್ನನ್ನು ಇಲ್ಲಿಯವರೆಗೆ ತಂದೆಯಲ್ಲ" ಅಂದ. ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಹಳೇ ಉತ್ತರ ಸಾಕಾಗುತ್ತಿತ್ತು. ಅವನು ನಿಲ್ಲಿಸಲಿಲ್ಲ, "ಹೇಳಿದ ಹಾಗೇ ಮಾಡು" ಅಂದುಬಿಟ್ಟ. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಅವನೇ ಹೇಳುತ್ತಾನೆ: ಮನೆ ಕಟ್ಟುತ್ತೇನೆ ಅಂತ ನೀನೇ ತಿಳಿಸಿದ್ದರಿಂದ ಹೀಗೆ ಪ್ರಾರ್ಥಿಸಲು ನನಗೆ ಎದೆ ಬಂತು. ಸಂಜೆ ಜಾತ್ರೆಗೆ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಬೆಳಿಗ್ಗೆ ಹೇಳಿದರೆ ಮಗು ಸಂಜೆಯವರೆಗೂ ಸುಮ್ನೆ ಕೂರುತ್ತದಾ? ಹೇಳದೇ ಇದ್ದಿದ್ದರೆ ಬಹುಶಃ ಕೂರುತ್ತಿತ್ತು.

ಇಸ್ರಾಯೇಲರ ಮೂಲಪುರುಷ ಯಾಕೋಬನದೂ ಇದೇ ವರಸೆ. ಏಸಾವ 400 ಜನರ ಜೊತೆ ಎದುರು ಬರುತ್ತಿದ್ದಾನೆ, ಅದೂ ತಾನೇ ಮೋಸ ಮಾಡಿದ ಅಣ್ಣ. ಆಗ ಯಾಕೋಬ, ನಿನ್ನ ದಯೆಯಲ್ಲಿ ಒಂದು ಚೂರಿಗೂ ನಾನು ಯೋಗ್ಯನಲ್ಲ, ಬರೀ ಒಂದು ಕೋಲು ಹಿಡಿದು ಈ ಯೊರ್ದನ್ ಹೊಳೆ ದಾಟಿದವನು ಈಗ ಎರಡು ಗುಂಪಾಗಿದ್ದೇನೆ ಅನ್ನುತ್ತಾನೆ. ಅದರ ಬೆನ್ನಿಗೇ, ಒಳ್ಳೇದು ಮಾಡ್ತೀನಿ ಅಂತ ನೀನೇ ಹೇಳಿದೆಯಲ್ಲ! (ಪ್ರಾರ್ಥನೆ ಮುಗಿಸಿ ಅಣ್ಣನನ್ನು ಒಲಿಸಲು 200 ಮೇಕೆ ಮುಂದೆ ಕಳಿಸಿದ, ಜೊತೆಗೆ ಕುರಿ, ಒಂಟೆ, ಹಸು, ಕತ್ತೆ ಬೇರೆ. ಯಾಕೋಬ ಯಾಕೋಬನೇ.)

ಹಾಗಾದರೆ ಇದು ಕೊಡು-ತಗೋ ವ್ಯವಹಾರವಾ ಅಂತ ಕೆಲವರು ಕೇಳುತ್ತಾರೆ. ಅವರಿಗೆ ಆದಿಕಾಂಡದ 15ನೇ ಅಧ್ಯಾಯ, ಯಾಕೋಬನ ಅಜ್ಜ ಅಬ್ರಾಮನಿಗೆ ದೇವರು ಮಾತು ಕೊಟ್ಟ ಜಾಗ. ಹೀಬ್ರೂ ಭಾಷೆಯಲ್ಲಿ ಒಡಂಬಡಿಕೆಯನ್ನು, ಅಂದರೆ ಆಣೆಯಿಟ್ಟು ಮಾಡುವ ಕರಾರನ್ನು, 'ಕತ್ತರಿಸುತ್ತಾರೆ'. ಪ್ರಾಣಿಗಳನ್ನು ಸೀಳಿ ಎದುರುಬದುರು ಇಟ್ಟು ನಡುವೆ ಹಾದುಹೋಗುವುದು, ಮಾತು ತಪ್ಪಿದರೆ ನನಗೂ ಇದೇ ಗತಿ ಅನ್ನುವ ಹಾಗೆ. ಪ್ರವಾದಿ ಯೆರೆಮೀಯನೂ ಈ ಪದ್ಧತಿಯನ್ನು ಹೇಳುತ್ತಾನೆ. ಅಬ್ರಾಮ ಕಡಸು, ಮೇಕೆ, ಟಗರು ಎಲ್ಲ ಸೀಳಿ ಇಟ್ಟ, ಹದ್ದುಗಳನ್ನು ಓಡಿಸಿದ. ಹೊತ್ತು ಮುಳುಗುವಾಗ ನಿದ್ದೆ ಹೋದ! ಕತ್ತಲಲ್ಲಿ ಆ ಹೋಳುಗಳ ನಡುವೆ ಹಾದದ್ದು ಹೊಗೆಯಾಡುವ ಒಲೆ, ಉರಿಯುವ ಪಂಜು, ಅಂದರೆ ದೇವರ ಗುರುತು. ಅಬ್ರಾಮ ಹಾಯಲೇ ಇಲ್ಲ. ಆಣೆಯ ಭಾರ ಪೂರ್ತಿ ಒಂದೇ ಕಡೆ, ದೇವರ ಕಡೆ. ವ್ಯವಹಾರದಲ್ಲಿ ಹೀಗೆ ಯಾರು ಸಹಿ ಹಾಕುತ್ತಾರೆ?

ಲೂಕನ ಸುವಾರ್ತೆಯಲ್ಲಿ ದೇವದೂತ ಯೇಸುವಿನ ತಾಯಿ ಮರಿಯಳಿಗೆ, ನಿನಗೆ ಹುಟ್ಟುವವನು ದಾವೀದನ ಸಿಂಹಾಸನ ಪಡೆಯುತ್ತಾನೆ ಅಂದಾಗ ಅವಳು "ಇದು ಹೇಗಾದೀತು" ಅಂತ ಮೊದಲು ಕೇಳಿದಳು, ಆಮೇಲೆ "ನಿನ್ನ ಮಾತಿನಂತೆ ನನಗಾಗಲಿ" ಅಂದಳು. ಹೆಚ್ಚುಕಡಿಮೆ ದಾವೀದನದೇ ಮಾತು. ನಾವು ಕ್ರೈಸ್ತರು ಆ ವಾಗ್ದಾನ ಯೇಸುವಿನಲ್ಲಿ ನೆರವೇರಿತು ಅಂತೀವಿ. ಯೆಹೂದ್ಯರು ಒಪ್ಪುವುದಿಲ್ಲ. ಅವರು ವಾರದ ದಿನಗಳಲ್ಲಿ ಮೂರು ಹೊತ್ತೂ ನಿಂತು ಮಾಡುವ ಅಮೀದಾ ಪ್ರಾರ್ಥನೆಯಲ್ಲಿ, ದಾವೀದನ ಕುಡಿ ಬೇಗ ಚಿಗುರಲಿ ಅಂತ ಇವತ್ತಿಗೂ ಬೇಡುತ್ತಾರೆ. ನಂಬಿಕೆ ಇಲ್ಲದವರು ಇಷ್ಟು ಕಾಲ ಬೇಡುತ್ತಾರಾ?

ಆದರೂ ಕಷ್ಟದ ಜಾಗ ಒಂದಿದೆ. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟಿತು. ದಾವೀದನ ವಂಶದ ಅರಸ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತು ಎಳೆದೊಯ್ದರು. ಎಂದೆಂದಿಗೂ ಅಂದ ಸಿಂಹಾಸನ! 89ನೇ ಕೀರ್ತನೆ ಇಂಥದೇ ಸೋಲಿನೊಳಗಿಂದ ಬಂದದ್ದು. ದೇವರು ದಾವೀದನಿಗೆ ಹೇಳಿದ್ದನ್ನೆಲ್ಲ ಸಾಲುಸಾಲಾಗಿ ನೆನಪಿಸುತ್ತದೆ. ಆಮೇಲೆ, ಅವನ ಕಿರೀಟವನ್ನು ನೀನೇ ಮಣ್ಣುಪಾಲು ಮಾಡಿದೆ, ಆಣೆಯಿಟ್ಟು ಹೇಳಿದ ಆ ಹಳೇ ಪ್ರೀತಿ ಎಲ್ಲಿ ಹೋಯಿತು ಅಂತ ನೇರವಾಗಿ ಕೇಳುತ್ತದೆ. ಕೀರ್ತನೆಯೊಳಗೆ ಇದಕ್ಕೆ ಉತ್ತರ ಇಲ್ಲ. ಯಾರೂ ಅದನ್ನು ಪುಸ್ತಕದಿಂದ ತೆಗೆದೂ ಇಲ್ಲ.

ಕೆಲಸ ಹೋದವರು, ಮನೆಯಲ್ಲಿ ಸಾವಾದವರು ಬಂದು ಕೂತ ಭಾನುವಾರ ನಾವು ಈ ಕೀರ್ತನೆಯನ್ನೇ ಓದುತ್ತೇವೆ. ಓದಿದ ಮೇಲೆ ಯಾರೂ ವಿವರಣೆ ಕೊಡುವುದಿಲ್ಲ.