ಕ್ರೇಯಾನ್ ಡಬ್ಬಿ ಹೊತ್ತು ಗದಗಕ್ಕೆ

ಹುಬ್ಬಳ್ಳಿಯಲ್ಲಿ ಅಕ್ಕನ ಮಗಳ ಮದುವೆ ಇತ್ತು. ಮೂರು ದಿನದ ಮದುವೆ. ಅದರ ಬಗ್ಗೆ ಹೇಳಬೇಕಾದ್ದು ಇಷ್ಟೇ: ಊಟ ಚೆನ್ನಾಗಿತ್ತು, ಮೈಕು ಜೋರಾಗಿತ್ತು. ನಾಲ್ಕನೇ ದಿನ ಯಾರಿಗೂ ಜಾಸ್ತಿ ವಿವರ ಹೇಳದೆ ಗದಗಕ್ಕೆ ಹೊರಟೆ.

ನಾನು ತುಮಕೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹತ್ತೊಂಬತ್ತು ವರ್ಷದಿಂದ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಚಿತ್ರಕಲೆಯ ಶಿಬಿರ ಮಾಡಿಕೊಂಡು ಬಂದಿದ್ದೇನೆ. ಗದಗದ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಕೇಳಿದ್ದೆ. ಬಡ ಮಕ್ಕಳಿಗೆ, ಅನಾಥ ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ ಅಲ್ಲಿ ಊಟ, ವಸತಿ ಕೊಟ್ಟು ಸಂಗೀತ ಕಲಿಸುತ್ತಾರೆ. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಹುಬ್ಬಳ್ಳಿಯಲ್ಲಿ ನಲವತ್ತು ಡಬ್ಬಿ ಕ್ರೇಯಾನ್, ಒಂದು ಕಟ್ಟು ಡ್ರಾಯಿಂಗ್ ಹಾಳೆ ತೆಗೆದುಕೊಂಡೆ. ಹೌದು, ಕಣ್ಣು ಕಾಣದ ಮಕ್ಕಳಿರುವ ಕಡೆಗೆ ಕ್ರೇಯಾನ್. ಅಂಗಡಿಯಲ್ಲಿ ನಿಂತಾಗ ಅದು ಹೊಳೆಯಲೇ ಇಲ್ಲ. ಅಭ್ಯಾಸಬಲ, ಅಷ್ಟೇ.

ಮೊದಲು ರೈಲಿನ ಕಥೆ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ. ಹುಬ್ಬಳ್ಳಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ಪೇಪರಿನಲ್ಲಿ ಓದಿ ನಾನೂ ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆ ಏನು ಅಂತ ಕಾಲಿಗೆ ಗೊತ್ತಾಗಬೇಕಾದರೆ ನಲವತ್ತು ಡಬ್ಬಿ ಹೊತ್ತು ಆ ತುದಿಯಿಂದ ಈ ತುದಿಗೆ ಓಡಬೇಕು. ನಾನು ಒಂದು ತುದಿಯಲ್ಲಿ ಆರಾಮಾಗಿ ಟೀ ಕುಡಿಯುತ್ತಾ ಕೂತಿದ್ದೆ. ನನ್ನ ರೈಲು ಇನ್ನೊಂದು ತುದಿಯಲ್ಲಿ ನಿಂತಿತ್ತು. ಓಡಿದೆ. ಚೀಲದ ಹಿಡಿ ಕಿತ್ತು ಡಬ್ಬಿಗಳು ಚೆಲ್ಲಿದವು. ಯಾರೋ ಪುಣ್ಯಾತ್ಮರು ಆರಿಸಿಕೊಟ್ಟರು. ರೈಲು ಹೋಯಿತು. ಆದ್ದರಿಂದ ಅಲ್ಲಿಗೆ ಹೋಗುವವರು ಪ್ಲಾಟ್‌ಫಾರ್ಮ್ ನಂಬರ್ ಕೇಳಿ ಸುಮ್ಮನಾಗಬೇಡಿ. ರೈಲು ಯಾವ ತುದಿಗೆ ನಿಲ್ಲುತ್ತದೆ ಅಂತಲೂ ಕೇಳಿ. ಇಬ್ಬರನ್ನು ಕೇಳಿ.

ಕೊನೆಗೆ ಬಸ್ಸು ಹಿಡಿದೆ. ಸುಮಾರು 60 ಕಿಲೋಮೀಟರ್ ದಾರಿ. ಅಣ್ಣಿಗೇರಿ ದಾಟುತ್ತಿದ್ದ ಹಾಗೆ ಎರಡೂ ಕಡೆ ಎರೆ ಹೊಲ, ಒಂದು ಮರ ಕಾಣಬೇಕಾದರೆ ಹುಡುಕಬೇಕು. ಡಿಸೆಂಬರ್ ಕೊನೆ. ಕಡಲೆ, ಜೋಳ, ಅಲ್ಲಲ್ಲಿ ಒಣಗಲು ಹರವಿದ ಮೆಣಸಿನಕಾಯಿ. ನಮ್ಮ ಕಡೆ ತೆಂಗಿನ ಮರಗಳ ನಡುವೆ ಬೆಳೆದವಳಿಗೆ ಇಷ್ಟೊಂದು ಆಕಾಶ ಒಟ್ಟಿಗೆ ಕಂಡರೆ ಸ್ವಲ್ಪ ಕಕ್ಕಾಬಿಕ್ಕಿ ಆಗುತ್ತದೆ.

ಗದಗದಲ್ಲಿ ಇಳಿದು ತ್ರಿಕೂಟೇಶ್ವರ ಗುಡಿಗೆ ಹೋದೆ. ಅಲ್ಲಿನ ಸರಸ್ವತಿ ಗುಡಿಯ ಕಂಬಗಳಿಗೆ ಅರ್ಧ ದಿನ ಕೊಡಬೇಕಿತ್ತು, ನಾನು ಕೊಟ್ಟಿದ್ದು ಇಪ್ಪತ್ತು ನಿಮಿಷ. ಕಲ್ಲನ್ನು ಮರದ ಹಾಗೆ ಕಡೆದಿದ್ದಾರೆ. ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ವೀರನಾರಾಯಣನ ಗುಡಿಯನ್ನು ಹೊರಗಿನಿಂದಲೇ ಕೈಮುಗಿದು ದಾಟಿದೆ. ಗಿರ್ಮಿಟ್ ಮಾತ್ರ ಬಿಡಲಿಲ್ಲ. ಮಂಡಕ್ಕಿಗೆ ಹುಳಿ-ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಮೇಲೆ ಹಸಿ ಈರುಳ್ಳಿ, ಜೊತೆಗೆ ಬಿಸಿ ಮಿರ್ಚಿ ಭಜಿ. ಧಾರವಾಡ ಪೇಡವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಅದು ಬರೀ ಸಿಹಿ. ಗಿರ್ಮಿಟ್ ಬೇರೆಯೇ ವಿಷಯ.

ಆಶ್ರಮದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಸದ್ದು ಕೇಳಿಸಿತು. ಒಂದಲ್ಲ, ಹತ್ತು ಸದ್ದು. ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ಯಾರೋ ಒಂದೇ ಪಲುಕನ್ನು ಮತ್ತೆ ಮತ್ತೆ ಹಾಡುತ್ತಿದ್ದಾರೆ, ಎಲ್ಲೋ ತಬಲಾ. ಎಲ್ಲವೂ ಒಂದರ ಮೇಲೊಂದು. ಈ ಗಲಾಟೆಯಲ್ಲಿ ಮಕ್ಕಳಿಗೆ ತಮ್ಮ ಸ್ವರ ಹೇಗೆ ಕೇಳಿಸುತ್ತದೋ ಅನಿಸಿತು. ಒಳಗೆ ಕೇಳಿಕೊಂಡು, ಒಪ್ಪಿಗೆ ಪಡೆದು, ತಬಲಾ ಪಾಠ ನಡೆಯುತ್ತಿದ್ದ ಕಡೆ ಮೂಲೆಯಲ್ಲಿ ಕೂತೆ. ಪಾಠ ಹೇಳುತ್ತಿದ್ದವರಿಗೆ ಐವತ್ತರ ಮೇಲೆ ವಯಸ್ಸು. ಅಲ್ಲಿಯದೇ ಹಳೇ ವಿದ್ಯಾರ್ಥಿ, ಊರಿಗೆ ಬಂದಾಗಲೆಲ್ಲ ಮಕ್ಕಳನ್ನು ಕೂರಿಸಿಕೊಳ್ಳುತ್ತಾರಂತೆ. ಅವರಿಗೂ ಕಣ್ಣು ಕಾಣುವುದಿಲ್ಲ. ಎದುರಿಗೆ ಐದು ಹುಡುಗರು, ಅದರಲ್ಲಿ ಮೂವರಿಗೆ ಕಾಣುವುದಿಲ್ಲ.

ಮಾಸ್ತರು ಒಬ್ಬ ಚಿಕ್ಕ ಹುಡುಗನ ಬೆರಳು ಹಿಡಿದು ತಬಲಾದ ಅಂಚಿನ ಮೇಲೆ ಇಟ್ಟರು. ಆಮೇಲೆ ನಡುವಿನ ಕಪ್ಪು ಕರಣೆಯ ಮೇಲೆ. ಆಮೇಲೆ ಅವನ ಕೈಯನ್ನು ತಮ್ಮ ಕೈಯ ಬೆನ್ನಿನ ಮೇಲೆ ಇಟ್ಟುಕೊಂಡು ತಾವೇ ಬಾರಿಸಿದರು. ಹುಡುಗನ ಕೈ ಅವರ ಕೈಯ ಮೇಲೆ ಸವಾರಿ ಮಾಡಿದ ಹಾಗೆ. ತೀನ್ ತಾಳ, ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆಯ ಒಂದು ಸುತ್ತು. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ.

ನನಗೆ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಆದರೆ ತಾಳ ಹಾಕುವಾಗ ಒಂಬತ್ತನೇ ಮಾತ್ರೆಗೆ ಚಪ್ಪಾಳೆ ಇಲ್ಲ, ಕೈ ಬೀಸಿ ತೋರಿಸುತ್ತಾರೆ, ಅದಕ್ಕೆ ಖಾಲಿ ಅನ್ನುತ್ತಾರೆ ಅಂತ ಗೊತ್ತಿತ್ತು. ಚಪ್ಪಾಳೆ ಕೇಳಿಸುತ್ತದೆ. ಗಾಳಿಯಲ್ಲಿ ಬೀಸಿದ ಕೈ? ಇದು ನನ್ನ ತಲೆಯಲ್ಲಿ ಕೊರೆಯತೊಡಗಿತು.

ಹುಡುಗ ತಾನೇ ಬಾರಿಸಿದ. ಎರಡು ಆವರ್ತನ, ಅಂದರೆ ಎರಡು ಸುತ್ತು, ಸಲೀಸಾಗಿ ಹೋಯಿತು. ನನಗೆ ಎಷ್ಟು ಖುಷಿ ಆಯಿತೆಂದರೆ ಜೋರಾಗಿ ಚಪ್ಪಾಳೆ ಹೊಡೆದೆ. ಹುಡುಗ ನನ್ನ ಕಡೆ ತಿರುಗಿ ನಕ್ಕ. ಮಾಸ್ತರು ನಗಲಿಲ್ಲ.

"ಒಂಬತ್ತರ ಮುಂದ ಏನ್ ಮಾಡಿದಿ?"

ಹುಡುಗ ಸುಮ್ಮನಾದ.

"ಡಗ್ಗಾ ಬಾರಿಸ್ತಾ ಹೋದಿ. ಮತ್ತ ಹೊಡಿ. ಹತ್ತು ಸಲ." ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ಬಾರಿಸುವ ದೊಡ್ಡದು.

ಪಾಠ ಮುಗಿದ ಮೇಲೆ ನಾನೇ ಹತ್ತಿರ ಹೋಗಿ, ಚಪ್ಪಾಳೆ ಹೊಡೆದಿದ್ದು ತಪ್ಪಾಯ್ತು ಅಂದೆ.

"ಬರ್ರಿ ಅಕ್ಕಾರ, ಕುಂದರ್ರಿ," ಅಂದರು. ನಾನು ಟೀಚರ್ ಅಂತ ಯಾರೋ ಹೇಳಿದ್ದರು ಅನಿಸುತ್ತದೆ. ಆ ಕಡೆ ಶಾಲೆಯ ಮೇಡಂಗೆ ಅಕ್ಕೋರು ಅನ್ನುವುದು ರೂಢಿ. "ತಪ್ಪೇನಿಲ್ಲ. ಆದ್ರ ಒಂದು ಮಾತು. ಕಣ್ಣಿಲ್ಲದವ ಬಾರಿಸಿದಾ ಅಂತ ಹೊಡಿಯೋ ಚಪ್ಪಾಳಿ ಬ್ಯಾರೆ, ಛಲೋ ಬಾರಿಸಿದಾ ಅಂತ ಹೊಡಿಯೋ ಚಪ್ಪಾಳಿ ಬ್ಯಾರೆ. ನೀವು ಹೊಡದದ್ದು ಯಾವುದು ಅಂತ ಆ ಹುಡುಗಗ ಇನ್ನೂ ತಿಳಿಯಂಗಿಲ್ಲ. ತಿಳೀಬೇಕು."

ನಾನು ಸಾವರಿಸಿಕೊಂಡು, "ಹಾಗಲ್ಲ ಸರ್, ಮಕ್ಕಳಿಗೆ ಆತ್ಮವಿಶ್ವಾಸ ಬರುತ್ತೆ ಅಲ್ವಾ?" ಅಂದೆ. ಹತ್ತೊಂಬತ್ತು ವರ್ಷದಿಂದ ಶಿಬಿರದಲ್ಲಿ ಹೇಳುತ್ತಾ ಬಂದ ಮಾತು ಅದು. ನಮ್ಮಲ್ಲಿ ಪ್ರತಿ ಮಗುವಿನ ಚಿತ್ರಕ್ಕೂ ಒಂದು ಸ್ಟಾರ್. ಮನೆ ಓರೆಯಾಗಿದ್ದರೂ ಸ್ಟಾರ್, ಗೆರೆಯೇ ಇಲ್ಲದಿದ್ದರೂ ಸ್ಟಾರ್.

ಅವರು ನಕ್ಕರು. "ಬರತೈತ್ರಿ, ಆತ್ಮವಿಶ್ವಾಸ ಆಮ್ಯಾಲೆ ಬರತೈತಿ. ಮೊದಲ ತಾಳ ಬರಬೇಕು. ಇದು ಟೈಂಪಾಸ್ ಅಲ್ರಿ ನಮಗ. ಇದು ರೊಟ್ಟಿ."

ಆಮೇಲೆ ಲೆಕ್ಕ ಹೇಳಿದರು. ಶ್ರಾವಣ ಬಂತೆಂದರೆ ಈ ಕಡೆ ಊರೂರಿನ ಮಠ, ಗುಡಿಗಳಲ್ಲಿ ಪುರಾಣ, ಪ್ರವಚನ. ಪುರಾಣ ಹೇಳುವ ಶಾಸ್ತ್ರಿಗಳ ಪಕ್ಕದಲ್ಲಿ ಒಬ್ಬ ಗವಾಯಿ, ಅಂದರೆ ಹಾಡುಗಾರ, ಜೊತೆಗೆ ಒಬ್ಬ ತಬಲಾದವನು ಬೇಕೇ ಬೇಕು. ತಿಂಗಳಿಡೀ ಕೆಲಸ. ನಾಟಕ ಕಂಪನಿಗೆ ಪೇಟಿ (ಹಾರ್ಮೋನಿಯಂ) ಬಾರಿಸುವವರು, ತಬಲಾದವರು ಬೇಕು. ಪರೀಕ್ಷೆ ಪಾಸಾದರೆ ಸಂಗೀತದ ಮಾಸ್ತರಿಕೆ. ಇವರು ಹಾವೇರಿ ಕಡೆಯ ಹಳ್ಳಿಯಿಂದ ಏಳು ವರ್ಷದವರಿದ್ದಾಗ ಬಂದವರು. ಹನ್ನೊಂದು ವರ್ಷ ನಾಟಕ ಕಂಪನಿಯಲ್ಲಿ ಬಾರಿಸಿದರು. ಮನೆ ಕಟ್ಟಿಸಿದರು, ತಂಗಿಯ ಮದುವೆ ಮಾಡಿದರು. "ನಮ್ಮವ್ವ ನನ್ನ ಇಲ್ಲಿ ಬಿಟ್ಟು ಹೋಗುವಾಗ ಅತ್ತಿದ್ದಳ್ರಿ, ಈ ಕೂಸು ಮುಂದ ಏನ್ ತಿಂತೈತಿ ಅಂತ. ಅಕಿ ಕೊನೀತನಕ ನನ್ನ ದುಡಿಮಿ ಉಂಡಳು."

ಇದನ್ನು ಅವರು ಹೆಮ್ಮೆಯಿಂದ ಅಲ್ಲ, ಕರೆಂಟ್ ಬಿಲ್ಲಿನ ಬಗ್ಗೆ ಹೇಳುವಷ್ಟು ಸಲೀಸಾಗಿ ಹೇಳಿದರು.

ಈ ದಾರಿ ಹಾಕಿಕೊಟ್ಟವರೂ ಕಣ್ಣು ಕಾಣದವರೇ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು. ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಹುಡುಗರ ಕಂಠ ಕೇಳಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಹಾಗೆ ಕಲಿತದ್ದನ್ನು ಗವಾಯಿಗಳು ತಮ್ಮಂಥ ಮಕ್ಕಳಿಗೆ ಹಂಚಲು ಹೊರಟರು. ಮೊದಲು ಕಟ್ಟಡವೇ ಇರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುವ ಸಂಚಾರಿ ಪಾಠಶಾಲೆ. ಗದಗದಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ಕಾಲು ನಿಂತಿತು. 1944ರಲ್ಲಿ ಅವರು ಹೋದ ಮೇಲೆ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು, ಅವರಿಗೂ ಕೂಸಿದ್ದಾಗಲೇ ಕಣ್ಣು ಹೋಗಿತ್ತು. ಮಕ್ಕಳಿಗೆ ಅನ್ನ ಹಾಕಲು ನಾಟಕ ಕಂಪನಿ ನಡೆಸಿದರು, ನಾಟಕ ಬರೆದರು. ಭಕ್ತರು ಮಾಡುತ್ತಿದ್ದ ತುಲಾಭಾರದ ಹಣವೂ ಆಶ್ರಮಕ್ಕೇ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೆಸರಾಂತ ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಇನ್ನೊಬ್ಬ ಹಿಂದುಸ್ತಾನಿ ಗಾಯಕ ಎಂ. ವೆಂಕಟೇಶಕುಮಾರ್ ಹುಡುಗರಿದ್ದಾಗ ಇಲ್ಲಿಗೆ ಬಂದು ಸುಮಾರು 12 ವರ್ಷ ಪುಟ್ಟರಾಜರ ಹತ್ತಿರ ಕಲಿತವರು.

ಈ ದೊಡ್ಡ ಹೆಸರುಗಳನ್ನು ನಾನು ಎತ್ತಿದಾಗ ಮಾಸ್ತರು, "ಅವರು ಸಾವಿರಕ್ಕೊಬ್ರು. ನಾ ಹೇಳೋದು ಉಳಿದವರದ್ದು," ಅಂದು ಮಾತು ತಿರುಗಿಸಿದರು.

ಕೊನೆಗೆ ತಡೆಯಲಾರದೆ ಕೇಳಿದೆ. "ಖಾಲಿಗೆ ಕೈ ಬೀಸ್ತಾರಲ್ಲ, ಇವರಿಗೆ ಹೇಗೆ ಗೊತ್ತಾಗುತ್ತೆ?"

ಅವರು ಉತ್ತರ ಕೊಡಲಿಲ್ಲ. ಆ ಚಿಕ್ಕ ಹುಡುಗನನ್ನು ಕರೆದು, "ಅಕ್ಕೋರು ಕೇಳಾಕತ್ತಾರ, ಹೇಳು," ಅಂದರು.

"ಡಗ್ಗಾ ಸುಮ್ಮನಾಗತೈತಲ್ರೀ," ಅಂದ ಅವನು, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಮಾಸ್ತರು ಬಾರಿಸಿ ತೋರಿಸಿದರು. ಧಾ, ಧಿನ್ ಅಂದಾಗ ಎಡಗೈಯ ಡಗ್ಗಾ ಒಳಗಿನಿಂದ ಗುಂಯ್ ಅನ್ನುತ್ತದೆ. ತಿನ್, ತಾ ಬಂದಾಗ ಆ ಗುಂಯ್ ಇಲ್ಲ, ಬಲಗೈ ಮಾತ್ರ. ಹುಡುಗ ತನ್ನ ಅಂಗೈಯನ್ನು ನೆಲದ ಮೇಲೆ ಒತ್ತಿಕೊಂಡಿದ್ದ. ನಾನೂ ಒತ್ತಿದೆ. ಕಣ್ಣು ಮುಚ್ಚಿದೆ. ಮೊದಲ ನಾಲ್ಕೈದು ಸಲ ಏನೂ ಗೊತ್ತಾಗಲಿಲ್ಲ. ಆಮೇಲೆ ಒಮ್ಮೆ ನೆಲದ ನಡುಕ ಇದ್ದಕ್ಕಿದ್ದ ಹಾಗೆ ತೆಳ್ಳಗಾಯಿತು, ಮತ್ತೆ ತುಂಬಿತು. ಇನ್ನೊಂದು ಸಲ ಬಾರಿಸಿ ಅಂದೆ. ಇನ್ನೊಂದು ಸಲ. ಎಷ್ಟು ಹೊತ್ತು ಕೂತಿದ್ದೆನೋ. ಊಟಕ್ಕೆ ಕರೆ ಬಂದಿದ್ದೇ ಕೇಳಿಸಲಿಲ್ಲ.

ಊಟ ಮಾಡದೆ ಹೋಗುವ ಹಾಗಿಲ್ಲ ಅಂದರು. ಮಕ್ಕಳ ಸಾಲಿನಲ್ಲೇ ಕೂತು ಉಂಡೆ. ಆ ಸಾರಿನ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಹುಡುಗ ಅದನ್ನೇ ಎರಡನೇ ಸಲ ಹಾಕಿಸಿಕೊಂಡ.

ಕ್ರೇಯಾನ್ ಡಬ್ಬಿಗಳನ್ನು ಏನು ಮಾಡುವುದು? ನಾಚಿಕೆ ಬಿಟ್ಟು ಹೊರಗೆ ತೆಗೆದೆ. ಕಣ್ಣು ಕಾಣುವ ಚಿಕ್ಕ ಮಕ್ಕಳು ಖುಷಿಯಿಂದ ತೆಗೆದುಕೊಂಡರು. ತಬಲಾದ ಹುಡುಗನೂ ಬಂದು ಒಂದು ಡಬ್ಬಿ ಮುಟ್ಟಿ, ಮೂಸಿ, ವಾಪಸ್ಸು ಇಟ್ಟ.

"ಪೌಡರ್ ತಂದಿಲ್ಲೇನ್ರಿ?" ಅಂದ.

ಯಾವ ಪೌಡರ್ ಅಂತ ನನಗೆ ಅರ್ಥವಾಗಲಿಲ್ಲ. ಮಾಸ್ತರು ಅವನನ್ನು ಗದರಿದರು, ಹಂಗ ಕೇಳಬಾರದು ಅಂತ. ಆಮೇಲೆ ತಾವೇ ವಿವರಿಸಿದರು. ಗಂಟೆಗಟ್ಟಲೆ ಬಾರಿಸಿದರೆ ಅಂಗೈ ಬೆವರುತ್ತದೆ, ಚರ್ಮದ ಮೇಲೆ ಕೈ ಅಂಟುತ್ತದೆ, ಜಾರುವುದಿಲ್ಲ. ಅದಕ್ಕೆ ಪೌಡರ್ ಸವರಿಕೊಳ್ಳುತ್ತಾರೆ.

ಹೊರಗೆ ಬಂದು ರಸ್ತೆ ಹಿಡಿದು ನಡೆದು, ಸಿಕ್ಕ ಮೊದಲ ಕಿರಾಣಿ ಅಂಗಡಿಯಲ್ಲಿ ಆರು ಡಬ್ಬಿ ಪೌಡರ್ ಕೊಡಿ ಅಂದೆ. ಅಂಗಡಿಯಾತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಮಾರಿಗೆ ಹಚ್ಚಾಕೋ, ತಬಲಾಕ್ಕೋ?"

"ತಬಲಾಕ್ಕೆ."

"ಹಂಗಾರ ಇದು ಒಯ್ರಿ," ಅಂತ ಎದುರಿಗೆ ಜೋಡಿಸಿಟ್ಟಿದ್ದ ಘಮಘಮ ಡಬ್ಬಿಗಳನ್ನು ಬಿಟ್ಟು, ಕೆಳಗಿನ ಖಾನೆಯಿಂದ ಬೇರೆಯದು ತೆಗೆದ. "ವಾಸನಿ ಕಡಿಮಿ, ರೇಟೂ ಕಡಿಮಿ. ಹುಡುಗೂರು ಇದನ್ನ ಒಯ್ತಾರ."