ಎರಡು ಕಾರು, ಒಂದು ಮೋರಿ

17 ನವೆಂಬರ್ 2024, ಭಾನುವಾರ
ಚಿಕ್ಕಮಗಳೂರು

ಕಾರಿನ ಕಥೆ ಇವತ್ತಿಗೆ ಮುಗಿಯಿತು. ಮೂರು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಕೊನೆಕೊನೆಗೆ ಅತ್ತೆ, "ಹೆಣ್ಣು ನೋಡೋಕೂ ನಾವು ಇಷ್ಟು ಅಲೆದಿರಲಿಲ್ಲ ಕಣೇ" ಅನ್ನೋಕೆ ಶುರು ಮಾಡಿದ್ದರು.

ಮೊದಲಿಂದ ಓದದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೆಯಿಂದ ಪೇಟೆಯ ಕಾಲೇಜಿಗೆ 17 ಕಿ.ಮೀ. ವಾಪಸ್ ಇನ್ನೊಂದು 17. ಹನ್ನೊಂದು ವರ್ಷ ಓಡಿಸಿದ ಆಲ್ಟೊವನ್ನು ಆಗಸ್ಟ್‌ನಲ್ಲಿ ಮಾರಿದೆ. ಇವರ ಜೀಪು ತೋಟಕ್ಕೇ ಸರಿ, ಅದರಲ್ಲಿ ಕಾಲೇಜಿಗೆ ಹೋದರೆ ಸೀರೆಗೆಲ್ಲ ಡೀಸೆಲ್ ವಾಸನೆ. ಬಜೆಟ್ ಐದೂವರೆ ಲಕ್ಷ. ಆ ದುಡ್ಡಿಗೆ ಹೊಸ ಕಾರೇ ಬರುತ್ತೆ, ಗೊತ್ತು. ಆದರೆ ನಲವತ್ತು ದಾಟಿದ ಮೇಲಾದರೂ ಓಡಿಸೋಕೆ ಮಜಾ ಇರೋ ಒಂದು ಗಾಡಿ ಬೇಕು ಅಂತ ಆಸೆ.

ಈ ಹುಚ್ಚು ಅಪ್ಪನದು. ನಮ್ಮ ಜಿಲ್ಲೆಯಲ್ಲಿ ಕಾರು ರ‍್ಯಾಲಿ ಅಂದರೆ ಅವರಿಗೆ ಹಬ್ಬ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಇಲ್ಲಿನ ಎಸ್ಟೇಟ್ ರಸ್ತೆಗಳಿಗೆ ಬಂದಾಗ ಮೊಣಕಾಲು ನೋವಿದ್ದರೂ ಬೇಲಿ ಪಕ್ಕ ಕೊಡೆ ಊರಿಕೊಂಡು ನಿಂತಿದ್ದರು. ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾ ತಿರುವಿನಲ್ಲಿ ಅಡ್ಡಡ್ಡ ಜಾರಿಕೊಂಡು ಹೋಯಿತು. ಎದ್ದ ಕೆಂಪು ಧೂಳು ಕಾಫಿ ಗಿಡದ ಮೇಲೆ ಕೂರುವ ತನಕ ಅಪ್ಪ ಮಾತೇ ಆಡಲಿಲ್ಲ. ಆಮೇಲೆ ಅಂದಿದ್ದು ಒಂದೇ ಮಾತು, "ನೋಡಿದ್ಯಾ, ಬ್ರೇಕೇ ಹಾಕ್ಲಿಲ್ಲ ಪುಣ್ಯಾತ್ಮ."

ಎರಡು ಬಾಗಿಲಿನ ನಿಜವಾದ ಸ್ಪೋರ್ಟ್ಸ್ ಕಾರು ನಮಗೆ ಎಟುಕೋದಲ್ಲ. ಎಟುಕಿದರೂ ಅತ್ತೆಯನ್ನು ಹಾಸನಕ್ಕೆ ಕಣ್ಣು ತೋರಿಸೋಕೆ ಎಲ್ಲಿ ಕೂರಿಸಿಕೊಂಡು ಹೋಗೋದು? ಹಾಗಾಗಿ ಹಾಟ್ ಹ್ಯಾಚ್. ನೋಡೋಕೆ ಎಲ್ಲರ ಮನೆ ಕಾರು, ಹೊಟ್ಟೆಯಲ್ಲಿ ಮಾತ್ರ ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸೋ ಟರ್ಬೊ.

ಕೊನೆಗೆ ಉಳಿದದ್ದು ಎರಡು. ಒಂದು, ಹಾಸನದ ಹಲ್ಲಿನ ಡಾಕ್ಟರೊಬ್ಬರ 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಓಡಿರೋದು 61,000 ಕಿ.ಮೀ. ಇನ್ನೊಂದು, ಇಲ್ಲೇ ಚಿಕ್ಕಮಗಳೂರಿನ ಹುಡುಗನ 2016ರ ಫಿಯೆಟ್ ಅಬಾರ್ತ್ ಪುಂಟೊ, 48,000 ಕಿ.ಮೀ. ಇಬ್ಬರೂ ಹೇಳಿದ ರೇಟು ಹೆಚ್ಚುಕಮ್ಮಿ ಒಂದೇ.

ಮಧ್ಯದಲ್ಲಿ ಮೂರನೆಯದೂ ಒಂದಿತ್ತು, ಅದರಿಂದ ಒಂದು ಪಾಠ ಆಯಿತು. ಒಬ್ಬ ಡೀಲರ್ ಹತ್ತಿರ ನೋಡಿದ್ದು. ಮೀಟರಿನಲ್ಲಿ 38,000. ಒಳಗೆಲ್ಲ ಸುಗಂಧ ಹೊಡೆದು ಮದುಮಗಳ ಹಾಗೆ ಇಟ್ಟಿದ್ದರು. ನಾನು ಸುಮ್ನೆ ಬಗ್ಗಿ ಕ್ಲಚ್ ಪೆಡಲ್ ನೋಡಿದೆ. ರಬ್ಬರಿನ ಗೆರೆಗಳೆಲ್ಲ ಸವೆದು ಬಲಗಡೆ ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಮೂವತ್ತೆಂಟು ಸಾವಿರಕ್ಕೆ ಹಾಗೆ ಸವೆಯಲ್ಲ, ನನ್ನ ಆಲ್ಟೊದು ಲಕ್ಷ ದಾಟಿದ ಮೇಲೆ ಹಾಗಾಗಿದ್ದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆ ಕಾರಿನ ನಾಲ್ಕು ಟೈರಿಗೆ ಮೂರು ಬೇರೆ ಬೇರೆ ವರ್ಷ. ಕಾಫಿ ಕುಡಿದು ಬನ್ನಿ ಮೇಡಂ ಅಂದರು. ಕಾಫಿ ಬೆಳೆಯೋರ ಮನೆಯವಳು, ನಿಮ್ಮ ಕಾಫಿ ಬೇಡಪ್ಪ ಅಂತ ಎದ್ದು ಬಂದೆ.

ಈ ಎರಡರಲ್ಲಿ ಅಂಥದ್ದೇನೂ ಇರಲಿಲ್ಲ. ಎರಡೂ ಚೊಕ್ಕ. ಅದೇ ಕಷ್ಟ ಆಗಿದ್ದು.

ಕಾಗದದ ಮೇಲೆ ಅಬಾರ್ತ್ ಜೋರು. 1.4 ಲೀಟರ್ ಟಿ-ಜೆಟ್ ಎಂಜಿನ್, 145 ಹಾರ್ಸ್‌ಪವರ್. 2015ರ ಅಕ್ಟೋಬರ್‌ನಲ್ಲಿ ಬಂದಾಗ ದೆಹಲಿಯ ಷೋರೂಂ ಬೆಲೆ 9.95 ಲಕ್ಷ. ಹತ್ತು ಲಕ್ಷದ ಒಳಗೆ ಅಷ್ಟು ಶಕ್ತಿ ಕೊಟ್ಟಿದ್ದು ನೋಡಿ ಆಗ ನಾನೂ ಬಾಯಿ ಬಿಟ್ಟಿದ್ದೆ. ಪೋಲೊದು 1.2 ಲೀಟರ್, 105. ಸೊನ್ನೆಯಿಂದ ನೂರಕ್ಕೆ ಅಬಾರ್ತ್ 8.8 ಸೆಕೆಂಡ್, ಪೋಲೊ 9.7, ಎರಡೂ ಕಂಪನಿಯವರದೇ ಲೆಕ್ಕ. ನಮ್ಮ ರಸ್ತೆಯಲ್ಲಿ ನೂರು ಮುಟ್ಟುವ ಮೊದಲು ಒಂದು ದನ, ಒಂದು ತಿರುವು, ಒಂದು ಕೆಂಪು ಬಸ್ಸು ಸಿಕ್ಕೇ ಸಿಗುತ್ತೆ. ಹಾಗಾಗಿ ಆ ಸೆಕೆಂಡುಗಳನ್ನು ಪಕ್ಕಕ್ಕಿಟ್ಟೆ. ಡಿಕ್ಕಿ ಎರಡರದ್ದೂ 280 ಲೀಟರ್, ಪೆಟ್ರೋಲ್ ಟ್ಯಾಂಕ್ ಎರಡರದ್ದೂ 45 ಲೀಟರ್. 25 ಕೆ.ಜಿ. ಅಕ್ಕಿ ಮೂಟೆ ಎರಡರಲ್ಲೂ ಮಲಗುತ್ತೆ. ಹಿಂದಿನ ಸೀಟಲ್ಲಿ ಎರಡರಲ್ಲೂ ಮಂಡಿ ಮುಂದಿನ ಸೀಟಿಗೆ ತಾಗುತ್ತೆ. ಅಲ್ಲಿಗೆ ಸಮ.

ಪೋಲೊವನ್ನು ಹೋದ ವಾರ ಹಾಸನ–ಬೇಲೂರು ರಸ್ತೆಯಲ್ಲಿ ಓಡಿಸಿ ಬಂದಿದ್ದೆ. ಬೆಣ್ಣೆ! ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ, ಗೇರು ಬಿದ್ದದ್ದೇ ಗೊತ್ತಾಗಲ್ಲ. ಚಕ್ರ ಜಾರಿದಾಗ ಕಾರನ್ನು ಹಿಡಿತಕ್ಕೆ ತರುವ ಇಎಸ್‌ಪಿ ಇದೆ, ಇಳಿಜಾರಲ್ಲಿ ಹಿಂದೆ ಜಾರದ ಹಾಗೆ ಹಿಡಿಯುವ ಹಿಲ್ ಹೋಲ್ಡ್ ಇದೆ. ಎರಡು ಏರ್‌ಬ್ಯಾಗ್ ಇರೋ ಪೋಲೊಗೆ 2014ರಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ಸ್ಟಾರ್ ಕೊಟ್ಟಿತ್ತು. ಇವರಂತೂ ಅವತ್ತೇ ತೀರ್ಪು ಕೊಟ್ಟರು, "ಇದನ್ನೇ ತಗೋ, ನಿದ್ದೆ ಮಾಡಿಕೊಂಡು ಓಡಿಸಬಹುದು." ನನಗೆ ಆ ನಿದ್ದೆಯೇ ಬೇಡವಾಗಿತ್ತು. ಆದರೂ ಮನಸ್ಸು ಮುಕ್ಕಾಲು ಪಾಲು ಆ ಕಡೆಗೇ ಇತ್ತು.

ಒಂದೇ ಒಂದು ಷರತ್ತು ಹಾಕಿದ್ದೆ. ಎರಡು ಕಾರೂ ನಮ್ಮನೆ ದಿಬ್ಬ ಹತ್ತಬೇಕು.

ನಮ್ಮನೆ ದಿಬ್ಬ ಅಂದರೆ ಟಾರು ರಸ್ತೆಯಿಂದ ಒಳಗೆ ಅರ್ಧ ಕಿಲೋಮೀಟರ್ ತೋಟದ ದಾರಿ. ಕೊನೆಗೆ ನಲವತ್ತು ಮೀಟರ್ ಕಡಿದಾದ ಕಾಂಕ್ರೀಟು. ಅದು ಶುರುವಾಗೋ ಜಾಗದಲ್ಲಿ ಮೋರಿ, ಮೋರಿ ಮೇಲೆ ಕಲ್ಲು ಚಪ್ಪಡಿ. ಚಪ್ಪಡಿ ತುದಿ ರಸ್ತೆಗಿಂತ ಮೇಲಿದೆ. ಜೀಪಿಗೆ ಅದು ಲೆಕ್ಕಕ್ಕಿಲ್ಲ. ಆಲ್ಟೊ ಗೊಣಗಿಕೊಂಡು ದಾಟುತ್ತಿತ್ತು. ಈಗ ಅರೇಬಿಕಾ ಕೊಯ್ಲು ಬೇರೆ. ಹಣ್ಣಿನ ಚೀಲ ಹೊತ್ತ ಪಿಕಪ್ಪು ದಿನಕ್ಕೆ ನಾಲ್ಕು ಸಲ ಅದೇ ದಾರಿಯಲ್ಲಿ ತೆವಳುತ್ತೆ. ಅದರ ಹಿಂದೆ ಸಿಕ್ಕಿಕೊಂಡರೆ ಇಂಚು ಇಂಚೇ ಹತ್ತಬೇಕು.

ಡಾಕ್ಟರು ಇವತ್ತು ಚಿಕ್ಕಮಗಳೂರಿಗೆ ಮದುವೆಗೆ ಬಂದಿದ್ದವರು ಊಟ ಮುಗಿಸಿ ಮನೆಗೇ ಕಾರು ತಂದರು. ಪೋಲೊ ಮೋರಿ ದಾಟಿತು, ಎಲ್ಲೂ ತಾಗಲಿಲ್ಲ. ಅರ್ಧ ದಿಬ್ಬಕ್ಕೆ ಹೋದಾಗ ಸರಿಯಾಗಿ ಪಿಕಪ್ಪು ಮುಂದೆ. ನಿಂತೆ. ಕಾರು ಹಿಂದೆ ಜಾರಲಿಲ್ಲ. ಒಂದಡಿ ಮುಂದೆ, ಮತ್ತೆ ನಿಲ್ಲು, ಮತ್ತೆ ಒಂದಡಿ. ಪಕ್ಕದಲ್ಲಿ ಕೂತಿದ್ದ ಡಾಕ್ಟರು ಮೆಲ್ಲಗೆ ಹೇಳಿದರು, "ಮೇಡಂ, ಆಕ್ಸಿಲರೇಟರ್ ಮೇಲೇ ಹಿಡಿದು ನಿಲ್ಲಿಸಬೇಡಿ. ಬ್ರೇಕ್ ಒತ್ತಿ. ಗ್ಯಾಪ್ ಬಿಟ್ಟು ಒಂದೇ ಸಲ ಹತ್ತಿ."

ಮಾರೋಕೆ ಬಂದವರು ಇಂಥ ಮಾತು ಹೇಳಬೇಕಾಗಿರಲಿಲ್ಲ. ಹೇಳಿದರು, ಅವರ ಒಳ್ಳೆಯತನ. ವಿಷಯ ಏನಂದರೆ, ಆ ಡಿಎಸ್‌ಜಿ ಒಳಗೆ ಎರಡು ಕ್ಲಚ್. ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಒಂದು ಗೇರಲ್ಲಿ ಹೋಗುವಾಗಲೇ ಮುಂದಿನದು ರೆಡಿ ಆಗಿರುತ್ತೆ, ಅದಕ್ಕೇ ಆ ಬೆಣ್ಣೆ. ಆದರೆ ಈ ಏಳು ಗೇರಿನದರಲ್ಲಿ ಕ್ಲಚ್ಚುಗಳು ಒಣ, ಎಣ್ಣೆಯಲ್ಲಿ ಮುಳುಗಿರಲ್ಲ. ಏರಿನಲ್ಲಿ ತೆವಳಿದರೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತೆ, ಬಿಸಿಯಾಗುತ್ತೆ. ಹೆದ್ದಾರಿಯಲ್ಲಿ ಓಡೋರಿಗೆ ಇದು ವಿಷಯವೇ ಅಲ್ಲ. ನನಗೆ ಕೊಯ್ಲಿನ ಮೂರು ತಿಂಗಳು ದಿನಾ ಎರಡು ಸಲ.

ಅಬಾರ್ತ್ ಕೈಯಲ್ಲೇ ಗೇರು ಹಾಕೋ ಮ್ಯಾನುಯಲ್. ಅದರ ಕ್ಲಚ್ಚೂ ಹೀಗೇ ಉಜ್ಜುತ್ತೆ, ಗೊತ್ತು. ಅದನ್ನೇ ನಮ್ಮ ಮೆಕ್ಯಾನಿಕ್ಕಿಗೆ ಫೋನಿನಲ್ಲಿ ಕೇಳಿದೆ. ಅವರು ಹೇಳಿದ್ದು ಸರಳ. "ಅಕ್ಕ, ಮ್ಯಾನುಯಲ್ ಕ್ಲಚ್ ಹೋದ್ರೆ ಬೆಳಿಗ್ಗೆ ತಂದುಬಿಡಿ, ಸಾಯಂಕಾಲ ತಗೊಂಡು ಹೋಗಿ. ಡಿಎಸ್‌ಜಿ ಬಿಚ್ಚೋಕೆ ಬೇರೆ ಟೂಲ್ ಬೇಕು, ಲ್ಯಾಪ್‌ಟಾಪ್ ಬೇಕು. ನನ್ನ ಹತ್ರ ಎರಡೂ ಇಲ್ಲ." ಸುಳ್ಳು ಹೇಳೋ ಮನುಷ್ಯ ಅಲ್ಲ. ಫಿಯೆಟ್ ಬಗ್ಗೆಯೂ ಸತ್ಯವನ್ನೇ ಹೇಳಿದರು. ಕಂಪನಿ 2019ರಲ್ಲೇ ಇಲ್ಲಿ ಪುಂಟೊ ಮಾಡೋದು ನಿಲ್ಲಿಸಿದೆ. ಬ್ರೇಕ್ ಪ್ಯಾಡು, ಕ್ಲಚ್ಚು, ಬೆಲ್ಟು ತರಿಸಬಹುದು. ಬಂಪರ್ ಒಡೆದರೆ ಮಾತ್ರ ದೇವರೇ ಗತಿ. ಪೋಲೊ ಕೂಡ 2022ಕ್ಕೆ ನಿಂತಿತು, ಆದರೆ ಫೋಕ್ಸ್‌ವ್ಯಾಗನ್ ಊರು ಬಿಟ್ಟು ಹೋಗಿಲ್ಲ, ಸಾಮಾನು ಸಿಗುತ್ತೆ.

ನಾಲ್ಕು ಗಂಟೆಗೆ ಅಬಾರ್ತ್ ಬಂತು. ಬಿಳಿ ಮೈ, ಕೆಂಪು ಪಟ್ಟಿ, ಮುಂದೆ ಚೇಳಿನ ಲಾಂಛನ. ಅತ್ತೆ ಜಗಲಿಯಿಂದಲೇ, "ಇದೇನೇ, ಚೇಳಿರೋ ಗಾಡಿ?" ಅಂದರು. ಇದನ್ನು ಶುರು ಮಾಡಿದ ಕಾರ್ಲೊ ಅಬಾರ್ತ್ ಹುಟ್ಟಿದ್ದು 1908ರ ನವೆಂಬರ್ 15, ವೃಶ್ಚಿಕ ರಾಶಿ, ಅದಕ್ಕೇ ಚೇಳು ಅಂತ ಹೇಳಿದೆ. ಅತ್ತೆಗೆ ಥಟ್ಟನೆ ಸಮಾಧಾನ ಆಯಿತು. "ಹೌದಾ? ಇವನದ್ದೂ ವೃಶ್ಚಿಕ ಅಲ್ವಾ? ಕೋಲಾರದಲ್ಲಿ ಚೇಳಮ್ಮನ ಗುಡಿಯೇ ಇದೆ ಬಿಡು." ಇವರು ಕೆಮ್ಮಿಕೊಂಡು ಒಳಗೆ ಹೋದರು.

ಮೋರಿಯ ಮುಂದೆ ಮಗಳು ಜಾಮಿಟ್ರಿ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲು ಹಿಡಿದು ಕೂತಳು. ಕಂಪನಿ ಲೆಕ್ಕದಲ್ಲಿ ಅಬಾರ್ತ್ ಹೊಟ್ಟೆ ನೆಲದಿಂದ 155 ಮಿಲಿಮೀಟರ್, ಪೋಲೊದು 168. ವ್ಯತ್ಯಾಸ ಕಿರುಬೆರಳಿನ ದಪ್ಪ. ಸ್ಕೇಲು ನಿಲ್ಲಿಸಿದರೆ ಅಬಾರ್ತ್ ಕೆಳಗೆ ಅರ್ಧ ಸೆಂಟಿಮೀಟರ್ ಉಳಿಯುತ್ತೆ, ಅಷ್ಟೇ. "ಅಮ್ಮಾ, ತಾಗತ್ತೆ" ಅಂದಳು. ನಾನು ಓರೆಯಾಗಿ ಹತ್ತಿಸಿದೆ. ಮೊದಲು ಎಡ ಚಕ್ರ, ಆಮೇಲೆ ಬಲ. ಆದರೂ ಬಂಪರಿನ ತುಟಿ ಕಲ್ಲಿಗೆ ತಾಗಿ "ಕ್ರ್‌ರ್" ಅಂತು. ಮಾರೋ ಹುಡುಗ ಕಣ್ಣು ಮುಚ್ಚಿಕೊಂಡ. ತಪ್ಪು ಕಾರಿನದಲ್ಲ, ನಮ್ಮ ಚಪ್ಪಡಿಯದು.

ಆಮೇಲೆ ದಿಬ್ಬ. ಇಲ್ಲಿ ಹಿಲ್ ಹೋಲ್ಡ್ ಅದೂ ಇದೂ ಏನಿಲ್ಲ. ಹ್ಯಾಂಡ್‌ಬ್ರೇಕು, ಕ್ಲಚ್ಚು, ನನ್ನ ಎಡಗಾಲು. ಸಿಲ್ವರ್ ಓಕಿನ ಒದ್ದೆ ಎಲೆ ಮೇಲೆ ಮುಂದಿನ ಚಕ್ರ ಒಂದು ಸಲ ಗಿರಕ್ ಅಂತ ಸುತ್ತಿತು. ಕಾಲು ಸ್ವಲ್ಪ ಸಡಿಲ ಮಾಡಿದೆ, ಹಿಡಿಯಿತು. ಟರ್ಬೊ ಉಸಿರು ಎಳೆದುಕೊಳ್ಳೋ ಸದ್ದು ಕಿಟಕಿಯಲ್ಲಿ ಕೇಳಿಸಿತು. ಸ್ಟೀರಿಂಗ್ ಹಳೇ ಹೈಡ್ರಾಲಿಕ್ಕು, ಭಾರ. ಆದರೆ ಚಕ್ರದ ಕೆಳಗೆ ಎಲೆ ಇದೆಯಾ, ಜಲ್ಲಿ ಇದೆಯಾ ಅಂತ ಅಂಗೈಗೆ ಹೇಳುತ್ತೆ. ಮೇಲೆ ಹೋಗಿ ಕಣದ ಪಕ್ಕ ನಿಲ್ಲಿಸಿ, ಟರ್ಬೊ ತಣಿಯಲಿ ಅಂತ ಎಂಜಿನ್ ಆರಿಸದೆ ಒಂದು ನಿಮಿಷ ಸುಮ್ನೆ ಕೂತೆ. ಕಾಫಿ ಹಣ್ಣು ಸುಲಿಯೋ ಪಲ್ಪರ್ ಕಡೆಯಿಂದ ಹುಳಿ ವಾಸನೆ ಬರುತ್ತಿತ್ತು. ಅಪ್ಪ ಇದ್ದಿದ್ದರೆ ಬೇಲಿ ಪಕ್ಕ ನಿಂತಿರುತ್ತಿದ್ದರು.

ಇಷ್ಟಕ್ಕೇ ತೀರ್ಮಾನ ಮಾಡಿಬಿಟ್ಟೆ ಅಂದುಕೊಳ್ಳಬೇಡಿ. ಲೆಕ್ಕದ ಮೇಡಂ ನಾನು. ತಿಂಗಳಿಗೆ 24 ದಿನ ಅಂದರೆ 816 ಕಿ.ಮೀ. ಪೋಲೊ ಲೀಟರಿಗೆ 14 ಕೊಡುತ್ತೆ ಅಂತ ಡಾಕ್ಟರ ಅನುಭವ, ಅಬಾರ್ತ್ 11 ಅಂತ ಹುಡುಗನದು. ಅಲ್ಲಿಗೆ ತಿಂಗಳಿಗೆ 16 ಲೀಟರ್ ಜಾಸ್ತಿ, ಸಾವಿರದ ಆರುನೂರು ರೂಪಾಯಿ ಚಿಲ್ಲರೆ. ವರ್ಷಕ್ಕೆ ಹತ್ತೊಂಬತ್ತು ಸಾವಿರದ ಮೇಲೆ. ಇವರಿಗೆ ಹೇಳಿದರೆ, "ಈ ವರ್ಷ ಕಾಫಿಗೆ ರೇಟು ಬಂದಿದೆ, ನಡೆಯುತ್ತೆ. ಮುಂದಿನ ವರ್ಷ ಬಿದ್ದರೆ ನಿನ್ನ ಸಂಬಳ" ಅಂದರು. ಸರಿಯಾದ ಮಾತೇ.

ಪೋಲೊ ಒಳ್ಳೆಯ ಕಾರು. ಯಾರಾದರೂ ಕೇಳಿದರೆ ಅದನ್ನೇ ತಗೊಳ್ಳಿ ಅಂತ ನಾನೇ ಹೇಳುತ್ತೇನೆ, ಅವರ ಮನೆ ಬಯಲಿನಲ್ಲಿದ್ದರೆ. ನನಗೆ ಮೋರಿ ಸರಿ ಮಾಡಿಸೋದು ಸುಲಭ, ದಿಬ್ಬ ತಗ್ಗಿಸೋದು ಆಗಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ, ಮಾರೋಕೇ ಮನಸ್ಸಿರಲಿಲ್ಲವೇನೋ.

ಹುಡುಗನ ಹತ್ತಿರ ಚೌಕಾಸಿ ಬೇಗ ಮುಗಿಯಿತು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ತೋರಿಸು ಅಂದೆ, ಇರಲಿಲ್ಲ. ಎಂಟು ವರ್ಷದ ಬೆಲ್ಟು. ಅದು ತುಂಡಾದರೆ ಎಂಜಿನ್ನೇ ಕೆಲಸಕ್ಕೆ ಬಾರದು. ಬೆಲ್ಟು, ವಾಟರ್ ಪಂಪು, ಎರಡು ಮುಂದಿನ ಟೈರು ಲೆಕ್ಕ ಹಾಕಿ 5.40 ಲಕ್ಷ ಹೇಳಿದ್ದನ್ನು 5.05 ಲಕ್ಷಕ್ಕೆ ಇಳಿಸಿದೆ. ಸಾಲ ಬಾಕಿ ಇಲ್ಲ ಅಂತ ಆರ್‌ಸಿ ನೋಡಿಕೊಂಡೆ. ಕಾರು ನನ್ನ ಹೆಸರಿಗೆ ಮಾಡಿಸೋ ಫಾರಂ 29, 30ಕ್ಕೆ ಸಹಿ ಆಯಿತು. ಅತ್ತೆ ಒಂದು ನಿಂಬೆಹಣ್ಣು ಚಕ್ರದ ಕೆಳಗಿಟ್ಟರು.

ಮೋರಿ ಸರಿಹೋಗೋ ತನಕ ಕಾರು ಟಾರು ರಸ್ತೆ ಪಕ್ಕದ ಶೆಡ್ಡಿನಲ್ಲಿ ಇರುತ್ತೆ. ಇಳಿಸುವಾಗ ಮತ್ತೊಂದು ಸಲ "ಕ್ರ್‌ರ್" ಅಂತು. ನಾನು ಕೇಳಿಸದ ಹಾಗೆ ಇದ್ದೆ. ಮೇಸ್ತ್ರಿಗೆ ಫೋನ್ ಮಾಡಿದ್ದೇನೆ. ಚಪ್ಪಡಿ ಇಳಿಸಿ, ಎರಡೂ ಕಡೆ ಸಣ್ಣಕೆ ಇಳಿಜಾರು ಕಾಂಕ್ರೀಟು ಹಾಕಬೇಕು, ನಾಲ್ಕು ಮೂಟೆ ಸಿಮೆಂಟು ಸಾಕಂತೆ. ನಾಳೆ ಕನಕ ಜಯಂತಿ, ನನಗೆ ರಜೆ. ಬೆಳಿಗ್ಗೆ ಎಂಟಕ್ಕೇ ಬರ್ತೀನಿ ಅಂದಿದ್ದಾರೆ. ಅವರ ಎಂಟು ಅಂದರೆ ಹತ್ತೂವರೆ.